ಪಂಚಾಯತಿ ಕಟ್ಟೆಯವರೆಗೆ ಬಂದ ಫೈಬರ್, ಮನೆಗೆ ಬಾರದ ವೇಗ

ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಶುರು ಮಾಡಿದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್ 2.0ರ ಗುರಿಪಟ್ಟಿಯಲ್ಲಿ ಎರಡು ಸಾಲುಗಳಿವೆ. ದೇಶದ ಸ್ಥಿರ ಬ್ರಾಡ್‌ಬ್ಯಾಂಡ್ ಡೌನ್‌ಲೋಡ್ ವೇಗ 63.55 ಎಂಬಿಪಿಎಸ್ ಇದ್ದದ್ದು 2030ರ ಹೊತ್ತಿಗೆ ಕನಿಷ್ಠ 100 ಆಗಬೇಕು ಎಂಬುದು ಒಂದು. 2.7 ಲಕ್ಷ ಹಳ್ಳಿಗಳಿಗೆ ಫೈಬರ್ ಮುಟ್ಟಿ, ಅದು ಶೇ 95ರಷ್ಟು ಸಮಯ ಚಾಲೂ ಇರಬೇಕು ಎಂಬುದು ಇನ್ನೊಂದು. ಮಾತಿಗೆ ಸಿಗುವುದು ಯಾವಾಗಲೂ ಮೊದಲನೆಯ ಸಾಲು. ನವಲಗುಂದ, ರೋಣ, ಸವಣೂರಿನ ಕಡೆಯ ಓದುಗರು ನಿಂತು ನೋಡಬೇಕಾದದ್ದು ಎರಡನೆಯದನ್ನು.

ಶೇ 95 ಎಂದರೆ ಪರೀಕ್ಷೆಯ ಅಂಕದ ಹಾಗೆ ಭರ್ಜರಿಯಾಗಿ ಕೇಳಿಸುತ್ತದೆ. 30 ದಿನದ ತಿಂಗಳಿಗೆ 720 ತಾಸು. ಅದರ ಶೇ 5 ಎಂದರೆ 36 ತಾಸು. ತಿಂಗಳಿಗೆ ಒಂದೂವರೆ ದಿನ, ವರ್ಷಕ್ಕೆ 18 ದಿನ ನೆಟ್ ಬಂದ್ ಆಗಿದ್ದರೂ ಗುರಿ ಮುಟ್ಟಿದ ಲೆಕ್ಕವೇ. ಆ 36 ತಾಸು ಯಾವಾಗ ಬೀಳುತ್ತದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಭಾನುವಾರ ರಾತ್ರಿ ಹೋದರೆ ಒಂದು ಸಿನಿಮಾ ತಪ್ಪುತ್ತದೆ, ಅಷ್ಟೇ. ಇ-ಸ್ವತ್ತು ಉತಾರಕ್ಕಾಗಿ ಜನ ಪಂಚಾಯತಿ ಮುಂದೆ ಪಾಳಿ ಹಚ್ಚಿದ ದಿನ ಹೋದರೆ ಕೂಲಿ ಬಿಟ್ಟು ಬಂದವರ ಒಂದು ದಿನದ ರೊಕ್ಕ ಹೋಯಿತು.

ಮೊದಲ ಸಾಲಿನಲ್ಲೂ ಒಂದು ಗುಟ್ಟಿದೆ. 63.55 ಎಂಬುದು ಇಡೀ ದೇಶಕ್ಕೆ ಸೇರಿಸಿ ಹೇಳಿದ ಅಂಕಿ. ಬೆಂಗಳೂರು, ಪುಣೆ, ಹೈದರಾಬಾದಿನವರು 40ರ ಪ್ಲ್ಯಾನಿನಿಂದ 100ರ ಪ್ಲ್ಯಾನಿಗೆ ಹೋದರೆ ಸಾಕು, ಆ ಅಂಕಿ ತಾನಾಗಿ ಮೇಲೇರುತ್ತದೆ. ಅದಕ್ಕೆ ಮುಂಡರಗಿಯ ಒಂದು ಮನೆಯೂ ಬದಲಾಗಬೇಕಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆ ಎನ್ನಬೇಕಾಗಿಲ್ಲ. ಸರ್ಕಾರ ಅಳೆಯುವ ಜಾಗ ಬೇರೆ, ನಮಗೆ ವೇಗ ಬೇಕಾದ ಜಾಗ ಬೇರೆ. ಎಷ್ಟು ಕಿಲೋಮೀಟರ್ ಕೇಬಲ್ ಹೂತರು, ಎಷ್ಟು ಪಂಚಾಯತಿಗೆ ಪೆಟ್ಟಿಗೆ ಇಟ್ಟರು ಎಂಬುದಕ್ಕೆ ಲೆಕ್ಕವಿದೆ, ಬಿಲ್ಲೂ ಆಗುತ್ತದೆ. ಹೂತದ್ದನ್ನು ಹತ್ತು ವರ್ಷ ಕಾಯುವ ಕೆಲಸಕ್ಕೆ ಮಾತ್ರ ಇಷ್ಟು ದಿನ ಸರಿಯಾಗಿ ರೊಕ್ಕ ಇಟ್ಟಿರಲಿಲ್ಲ.

ಹಳೆಯ ಮಾತುಗಳ ಲೆಕ್ಕ

2011ರ ಅಕ್ಟೋಬರಿನಲ್ಲಿ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವು ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳನ್ನು 100 ಎಂಬಿಪಿಎಸ್‌ನಲ್ಲಿ ಜೋಡಿಸಬೇಕಿತ್ತು. ಎರಡು ವರ್ಷದ ಕೆಲಸ ಅಂದುಕೊಂಡಿದ್ದರು. ಅದೇ ಯೋಜನೆ ಮುಂದೆ ಭಾರತ್‌ನೆಟ್ ಆಯಿತು. ಮೊದಲ ಹಂತದ 1 ಲಕ್ಷ ಪಂಚಾಯತಿ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಬಂದಿತ್ತು. ಕರ್ನಾಟಕದ ಬಹುತೇಕ ಪಂಚಾಯತಿಗಳು ಈ ಮೊದಲ ಹಂತದಲ್ಲೇ ಸೇರಿದ್ದವು. ಅಂದರೆ ನಮ್ಮ ಕಡೆಯ ಕೇಬಲ್ ದೇಶದಲ್ಲೇ ಹಳೆಯದು, ವಿನ್ಯಾಸವೂ ಹಳೆಯದು.

2012ರ ದೂರಸಂಪರ್ಕ ನೀತಿ, ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2015ರೊಳಗೆ 2 ಎಂಬಿಪಿಎಸ್‌ಗೆ ಏರಿಸುವುದಾಗಿ ಹೇಳಿತ್ತು. 2013ರಲ್ಲಿ ಅದು 512 ಕೆಬಿಪಿಎಸ್‌ಗೆ ಬಂತು. 2 ಎಂಬಿಪಿಎಸ್ ಆಗಿದ್ದು 2023ರ ಜನವರಿಯಲ್ಲಿ. ನೆಲ ಅಗೆಯುವುದಿಲ್ಲ, ಟೆಂಡರ್ ಇಲ್ಲ, ಗೆಜೆಟ್ಟಿನಲ್ಲಿ ಒಂದು ಅಂಕಿ ತಿದ್ದುವ ಕೆಲಸ. ಅದಕ್ಕೇ ಎಂಟು ವರ್ಷ ತಡ.

2018ರ ಡಿಜಿಟಲ್ ಸಂವಹನ ನೀತಿ 2022ರೊಳಗೆ ಪ್ರತಿ ಪ್ರಜೆಗೂ 50 ಎಂಬಿಪಿಎಸ್, ಪಂಚಾಯತಿಗಳಿಗೆ 2020ಕ್ಕೆ 1 ಜಿಬಿಪಿಎಸ್, 2022ಕ್ಕೆ 10 ಜಿಬಿಪಿಎಸ್ ಎಂದಿತು. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಬಂದ ಮಾತು, ಸಾವಿರ ದಿನದಲ್ಲಿ ಆರು ಲಕ್ಷ ಹಳ್ಳಿಗೂ ಫೈಬರ್. ಆ ಸಾವಿರ ದಿನ 2023ರ ಮೇ ತಿಂಗಳಲ್ಲಿ ಮುಗಿದವು. ಮಧ್ಯೆ, 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಿಗೆ ಖಾಸಗಿ ಸಹಭಾಗಿತ್ವದಲ್ಲಿ 19,041 ಕೋಟಿ ರೂಪಾಯಿವರೆಗೆ ಸರ್ಕಾರದ ನೆರವಿರುವ ಯೋಜನೆ ಒಪ್ಪಿದರು. ಟೆಂಡರಿಗೆ ಯಾರೂ ಬರಲಿಲ್ಲ. ಹಳ್ಳಿಯ ಫೈಬರಿನಲ್ಲಿ ಲಾಭವಿಲ್ಲ ಎಂದು ದೊಡ್ಡ ಕಂಪನಿಗಳು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಬಂತು. ಈಗ ನಡೆಯುತ್ತಿರುವುದು ಇದು.

ಈ ನಡುವೆ ಸಂಸತ್ತಿನ ಉತ್ತರಗಳಲ್ಲಿ ಒಂದು ಅಂಕಿ ಪದೇ ಪದೇ ಬರುತ್ತದೆ: 2.1 ಲಕ್ಷಕ್ಕೂ ಹೆಚ್ಚು ಪಂಚಾಯತಿಗಳು "ಸೇವೆಗೆ ಸಿದ್ಧ". ಈ ಮಾತನ್ನು ಹುಷಾರಾಗಿ ಓದಬೇಕು. ಮೊದಲ ಹಂತದಲ್ಲಿ ಪಂಚಾಯತಿ ಕಚೇರಿಯೊಳಗೆ ಇಟ್ಟದ್ದು ಒಂದು ಒಎನ್‌ಟಿ, ಅಂದರೆ ಫೈಬರಿನ ಬೆಳಕನ್ನು ನೆಟ್ ಆಗಿ ಬದಲಿಸುವ ಸಣ್ಣ ಪೆಟ್ಟಿಗೆ, ಜೊತೆಗೆ ಬ್ಯಾಟರಿ, ಸೋಲಾರ್ ಫಲಕ. ತಾಲೂಕಿನ ಎಕ್ಸ್‌ಚೇಂಜಿನಿಂದ ಆ ಪೆಟ್ಟಿಗೆ ಓಗೊಟ್ಟ ದಿನ ಪಂಚಾಯತಿ ಸಿದ್ಧ. ಆದರೆ ಆ ಪೆಟ್ಟಿಗೆಯಿಂದ ಊರಿನ ಮನೆಮನೆಗೆ ಫೈಬರ್ ಹಂಚಲು ಬರುವುದಿಲ್ಲ. ಅದಕ್ಕೆ ಕೇಬಲಿನ ಬೇರೆ ಎಳೆಯ ಮೇಲೆ ಬೆಳಕನ್ನು ಹಲವು ಕವಲಾಗಿ ಹಂಚುವ ಸ್ಪ್ಲಿಟರ್ ಹಾಕಬೇಕು, ಇಲ್ಲವೇ ಊರಲ್ಲೇ ಮನೆಗಳ ಕಡೆಗೆ ಬೆಳಕು ಬಿಡುವ ಮೂಲ ಪೆಟ್ಟಿಗೆ, ಅಂದರೆ ಒಂದು ಒಎಲ್‌ಟಿ ಕೂಡಿಸಬೇಕು. ಕಂಬ, ಕಂಬದಿಂದ ಮನೆಗೆ ಬರುವ ಡ್ರಾಪ್ ವೈರ್, ಅದನ್ನು ಎಳೆಯುವ ಹುಡುಗ, ರಿಪೇರಿಗೆ ಬರುವ ಹುಡುಗ ಎಲ್ಲ ಬೇಕು. "ಸಿದ್ಧ" ಎಂಬ ಲೆಕ್ಕದಲ್ಲಿ ಇವು ಯಾವವೂ ಇಲ್ಲ.

ಬೆಳಕು ಎಲ್ಲಿ ಸೋರುತ್ತದೆ

ನವಲಗುಂದದ ಎಕ್ಸ್‌ಚೇಂಜಿನಿಂದ 12 ಕಿ.ಮೀ. ದೂರದ ಒಂದು ಊರು ಎಂದುಕೊಳ್ಳಿ. ಎಕ್ಸ್‌ಚೇಂಜಿನ ಒಎಲ್‌ಟಿ ಸುಮಾರು +3 ಡಿಬಿಎಂ ಬೆಳಕು ಬಿಡುತ್ತದೆ. ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ಡಿಬಿ ಎಂದರೆ ದಾರಿಯಲ್ಲಿ ಕಳೆದದ್ದರ ಅಳತೆ. ಮನೆಯ ಕಡೆ ಬರುವ 1490 ನ್ಯಾನೊಮೀಟರ್ ಬೆಳಕು ಕಿಲೋಮೀಟರಿಗೆ ಸುಮಾರು 0.25 ಡಿಬಿ ಕಳೆದುಕೊಳ್ಳುತ್ತದೆ, 12 ಕಿ.ಮೀ.ಗೆ 3 ಡಿಬಿ. ದಾರಿಯಲ್ಲಿ 1:4 ಸ್ಪ್ಲಿಟರ್ ಇದ್ದರೆ 7 ಡಿಬಿ, ಊರಲ್ಲಿ 1:8 ಇದ್ದರೆ 10.5 ಡಿಬಿ. ನಾಲ್ಕು ಕನೆಕ್ಟರಿಗೆ ಅರ್ಧರ್ಧ ಡಿಬಿಯಂತೆ 2. ಹತ್ತು ಜಾಯಿಂಟಿಗೆ 0.1ರಂತೆ 1. ಒಟ್ಟು 23.5 ಡಿಬಿ ಹೋಗಿ, ಮನೆಗೆ ಮುಟ್ಟುವುದು −20.5 ಡಿಬಿಎಂ. ಒಎನ್‌ಟಿ −27ರವರೆಗೆ ಓದಬಲ್ಲದು, ಆದರೆ ಕೆಲಸ ಬಲ್ಲವರು −25 ದಾಟಿದರೆ ಆ ಲೈನನ್ನು ನಂಬುವುದಿಲ್ಲ. ಅಂದರೆ ಕೈಯಲ್ಲಿ ಉಳಿದದ್ದು ನಾಲ್ಕೂವರೆ ಡಿಬಿ. ಪ್ರತಿ 3 ಡಿಬಿಗೆ ಬೆಳಕು ಅರ್ಧವಾಗುತ್ತದೆ ಎಂಬುದು ನೆನಪಿರಲಿ.

ಈ ನಾಲ್ಕೂವರೆ ಖರ್ಚಾಗುವುದು ಬಹಳ ಬೇಗ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಡ್ರಾಪ್ ವೈರನ್ನು ಮಡಚಿ ಮೊಳೆ ಹೊಡೆದರೆ 2-3 ಡಿಬಿ ಅಲ್ಲೇ ಹೋಯಿತು. ಹಸಿರು ಕನೆಕ್ಟರಿನ ತುದಿಗೆ ಬೆರಳು ಮುಟ್ಟಿ ಜಿಡ್ಡಾದರೆ 1 ಡಿಬಿ. ಕೇಬಲ್ ಒಮ್ಮೆ ಕಡಿದು ನಡುವೆ ಹೊಸ ತುಂಡು ಸೇರಿಸಿದರೆ ಜಾಯಿಂಟ್ ಒಂದಿದ್ದಲ್ಲಿ ಎರಡು. ಮಳೆಯಲ್ಲಿ ಅವಸರಕ್ಕೆ ಹಾಕಿದ ಜಾಯಿಂಟ್ 0.1ಕ್ಕೆ ನಿಲ್ಲುವುದಿಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಬೆಳಕು ಕಡಿಮೆಯಾದರೆ ನೆಟ್ ನಿಧಾನವಾಗುವುದಿಲ್ಲ. ಗಡಿಯವರೆಗೆ ಪೂರ್ತಿ ವೇಗದಲ್ಲಿ ನಡೆದು, ಗಡಿ ದಾಟಿದ ಕೂಡಲೇ ಕಡಿಯುತ್ತದೆ. ಗಡಿಯ ಅಂಚಿನಲ್ಲಿದ್ದರೆ ಹೋಗಿ ಬಂದು ಮಾಡುತ್ತದೆ. ಹೀಗಾಗಿ "ಕೆಂಪ್ ಲೈಟ್ ಹತ್ತೇತ್ರಿ" ಎಂಬ ದೂರು ಮತ್ತು "ಭಾಳ ಸ್ಲೋ ಆಗೇತ್ರಿ" ಎಂಬ ದೂರು ಒಂದೇ ರೋಗವಲ್ಲ. ಮೊದಲನೆಯದಕ್ಕೆ ಕಾರಣ ಕಂಬದ ಮೇಲೋ ನೆಲದ ಕೆಳಗೋ ಇದೆ. ಎರಡನೆಯದಕ್ಕೆ ಹೆಚ್ಚಾಗಿ ಎಕ್ಸ್‌ಚೇಂಜಿನಲ್ಲಿ ಇಲ್ಲವೇ ನಮ್ಮದೇ ಪಡಸಾಲೆಯಲ್ಲಿ.

ಜೆಸಿಬಿ ಮತ್ತು ಎರೆ ಮಣ್ಣು

ಭಾರತ್‌ನೆಟ್ ಕೇಬಲನ್ನು 40 ಮಿ.ಮೀ. ಪೈಪಿನೊಳಗೆ 1.65 ಮೀಟರ್ ಆಳದಲ್ಲಿ ಹೂಳಬೇಕು ಎಂಬುದು ನಿಯಮ. ಆಳ ಅಗೆದಷ್ಟೂ ಗುತ್ತಿಗೆದಾರನಿಗೆ ಖರ್ಚು. ಗುಂಡಿ ಮುಚ್ಚಿದ ಮೇಲೆ ಆಳ ನೋಡುವವರಿಲ್ಲ. ಅರ್ಧ ಆಳಕ್ಕೇ ಮುಗಿಸಿದ ಜಾಗ ಎಲ್ಲೆಲ್ಲಿದೆ ಎಂದು ಮುಂದೆ ಜೆಸಿಬಿಯೇ ತೋರಿಸುತ್ತದೆ.

ಕೇಬಲ್ ಹೋಗುವುದು ರಸ್ತೆಯ ಬದಿಯಲ್ಲಿ. ರಸ್ತೆ ಅಗಲ ಮಾಡಿದರೂ, ಗಟಾರ ಹೊಡೆದರೂ, ಜಲಜೀವನ್ ಮಿಷನ್ನಿನ ನೀರಿನ ಪೈಪ್ ಹಾಕಿದರೂ ಮೊದಲ ಪೆಟ್ಟು ಅದೇ ಬದಿಗೆ. 2019ರಿಂದ ಈಚೆಗೆ ಊರೂರಲ್ಲಿ ನಲ್ಲಿ ಪೈಪಿಗೆ ಓಣಿ ಅಗೆದದ್ದು ನೀರಿಗೆ ಒಳ್ಳೆಯದು, ಫೈಬರಿಗೆ ಕಂಟಕ. ಅಗೆಯುವ ಮೊದಲು ತಿಳಿಸಲಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ "ಕಾಲ್ ಬಿಫೋರ್ ಯು ಡಿಗ್" ಎಂಬ ಆ್ಯಪ್ ತಂದಿದೆ. ಕೆಳಗೆ ಯಾರ ಕೇಬಲ್ ಇದೆ ಎಂದು ಅದರಲ್ಲಿ ಗೊತ್ತಾಗುತ್ತದೆ, ಕೇಬಲ್ ಮಾಲೀಕರಿಗೂ ಸೂಚನೆ ಹೋಗುತ್ತದೆ. ಯೋಚನೆ ಒಳ್ಳೆಯದೇ. ಆದರೆ ಅಗೆಯುವವನು ಉಪಗುತ್ತಿಗೆದಾರನ ಕೈಕೆಳಗಿನ ಜೆಸಿಬಿ ಚಾಲಕ. ತಾಸಿನ ಲೆಕ್ಕದ ಬಾಡಿಗೆ ಓಡುತ್ತಿರುವಾಗ ಆತ ಆ್ಯಪ್ ತೆರೆದು ಕೂಡುತ್ತಾನೆ ಎಂದು ನಂಬುವುದು ಕಷ್ಟ. ಕೆಲಸದ ಆದೇಶದಲ್ಲೇ ಈ ಷರತ್ತು ಬರೆದು, ಬಿಲ್ಲಿಗೆ ಕಟ್ಟಿದರೆ ಮಾತ್ರ ಉಪಯೋಗ.

ಇನ್ನು ಮಣ್ಣು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಪ್ರತಿ ವರ್ಷ ಈ ಎಳೆದಾಟದಲ್ಲಿ ಜಾಯಿಂಟ್ ಚೇಂಬರ್ ವಾಲುತ್ತದೆ, ಪೈಪಿನ ಕಪ್ಲರ್ ಬಿಚ್ಚಿಕೊಳ್ಳುತ್ತದೆ, ಒಳಗೆ ನೀರು ಸೇರುತ್ತದೆ. ಮಳೆಗಾಲದಲ್ಲಿ ಕಡಿದರೆ ಗುಂಡಿ ತೋಡಿದಷ್ಟೂ ನೀರು. ಗಾಡಿ ಹೋದರೆ ಹೂತುಕೊಳ್ಳುತ್ತದೆ. ಬೆಣ್ಣಿಹಳ್ಳ ತುಂಬಿ ಬಂದಾಗ ಸಿಡಿಯ (ರಸ್ತೆಯ ಸಣ್ಣ ಸೇತುವೆಯ) ಪಕ್ಕಕ್ಕೆ ಕಟ್ಟಿದ ಪೈಪೇ ಕೊಚ್ಚಿಹೋಗುತ್ತದೆ. ಕಲಘಟಗಿ, ಹಾನಗಲ್ಲಿನ ಕಡೆ ತೊಂದರೆ ಮೇಲಿನದು: ಮರದ ಟೊಂಗೆ, ಮಂಗ, ಜೋತುಬಿದ್ದ ತಂತಿಗೆ ಸಿಕ್ಕುವ ಕಬ್ಬಿನ ಟ್ರ್ಯಾಕ್ಟರ್.

ರಿಪೇರಿಗೆ ಯಾಕೆ ಅಷ್ಟು ತಡ? ಕಡಿದ ಜಾಗ ಹುಡುಕಲು ಒಟಿಡಿಆರ್ ಎಂಬ ಯಂತ್ರ ಹಚ್ಚುತ್ತಾರೆ. "ಇಲ್ಲಿಂದ 7,340 ಮೀಟರಿನಲ್ಲಿ ಕಡಿದಿದೆ" ಎಂಬಂತೆ ಅದು ಹೇಳುತ್ತದೆ. ಆದರೆ ಅದು ಫೈಬರಿನ ಉದ್ದ, ರಸ್ತೆಯ ಉದ್ದವಲ್ಲ. ಪ್ರತಿ ಜಾಯಿಂಟಿನಲ್ಲಿ ಹತ್ತಾರು ಮೀಟರ್ ಕೇಬಲನ್ನು ಸುತ್ತಿ ಬಿಟ್ಟಿರುತ್ತಾರೆ. ಯಾವ ಚೇಂಬರಿನಲ್ಲಿ ಎಷ್ಟು ಸುತ್ತಿದೆ ಎಂದು ನಕ್ಷೆಯಲ್ಲಿ ಬರೆದಿರದಿದ್ದರೆ ನೂರಿನ್ನೂರು ಮೀಟರ್ ಆಚೀಚೆ ಅಗೆಯುವುದೇ. ಆಮೇಲೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಬೇಕು, ಲಕ್ಷದ ಮೇಲಿನ ಬೆಲೆಯದು. ಪ್ರತಿ ತಾಲೂಕಿಗೂ ಒಂದು ಇರುತ್ತದೆ ಎನ್ನುವ ಭರವಸೆ ಇಲ್ಲ. 24 ಎಳೆಯ ಕೇಬಲಿನ ಅಷ್ಟೂ ಎಳೆ ಸೇರಿಸಲು ಒಂದು ಜಾಯಿಂಟಿಗೆ ಮೂರ್ನಾಲ್ಕು ತಾಸು. ಅವಸರದಲ್ಲಿ ಚಾಲೂ ಇರುವ ನಾಲ್ಕು ಎಳೆ ಸೇರಿಸಿ, "ಉಳಿದದ್ದು ಆಮೇಲೆ" ಎಂದು ಮುಚ್ಚುತ್ತಾರೆ. ಆ ಆಮೇಲೆ ಬರುವುದಿಲ್ಲ. ಮೂರು ಸಲ ಹೀಗಾದರೆ ಕಾಗದದಲ್ಲಿ 20 ಎಳೆ ಖಾಲಿ, ನೆಲದಲ್ಲಿ ಅವೆಲ್ಲ ಸತ್ತಿರುತ್ತವೆ. ಮನೆಗಳಿಗೆ ಹಂಚಲು ಬೇಕಾಗುವುದು ಇದೇ ಖಾಲಿ ಎಳೆಗಳು.

ರಾತ್ರಿ ಒಂಬತ್ತರ ಗಣಿತ

ಈಗ ಹುಬ್ಬಳ್ಳಿಗೆ ಬನ್ನಿ. ಇಲ್ಲಿ ಫೈಬರ್ ಇಲ್ಲದ ಓಣಿ ಕಡಿಮೆ. ಒಂದೇ ಕಂಬದ ಮೇಲೆ ನಾಲ್ಕೈದು ಕಂಪನಿಯ ತಂತಿ. ದೂರು ಇರುವುದು ವೇಗದ ಬಗ್ಗೆ.

ಒಂದು ಫೈಬರನ್ನು ಹಲವು ಮನೆಗೆ ಹಂಚುವ ಜಿಪಾನ್ ತಂತ್ರದಲ್ಲಿ ಒಂದು ಎಳೆಯ ಮೇಲೆ ಕೆಳಮುಖವಾಗಿ ಬರುವುದು ಒಟ್ಟು 2.5 ಜಿಬಿಪಿಎಸ್, ಮೇಲ್ಮುಖವಾಗಿ 1.25. ಅದನ್ನು 32 ಮನೆಗೆ ಹಂಚಿದರೆ ಎಲ್ಲರೂ ಒಮ್ಮೆಲೇ ಎಳೆದರೂ ತಲಾ 78 ಎಂಬಿಪಿಎಸ್. 64 ಮನೆಯಾದರೆ 39. ಇದು ಕೆಟ್ಟದ್ದೇನಲ್ಲ, ಎಲ್ಲರೂ ಒಂದೇ ಕ್ಷಣ ಎಳೆಯುವುದಿಲ್ಲ. ಇಕ್ಕಟ್ಟು ಇರುವುದು ಅದರ ಹಿಂದೆ. ಸಣ್ಣ ಆಪರೇಟರಿನ 8 ಪೋರ್ಟಿನ ಒಎಲ್‌ಟಿ ತೆಗೆದುಕೊಳ್ಳಿ. ಪೋರ್ಟಿಗೆ 64ರಂತೆ 512 ಮನೆ. ಆ ಒಎಲ್‌ಟಿಯಿಂದ ಹೊರಗೆ ಹೋಗುವ ದಾರಿ 1 ಜಿಬಿಪಿಎಸ್ ಆಗಿದ್ದರೆ, ರಾತ್ರಿ ಒಂಬತ್ತಕ್ಕೆ ಅರ್ಧ ಮನೆಯವರು, ಅಂದರೆ 256 ಜನ, ತಲಾ 5 ಎಂಬಿಪಿಎಸ್‌ನ ಒಂದೊಂದು ವಿಡಿಯೊ ಹಚ್ಚಿದರೂ 1,280 ಎಂಬಿಪಿಎಸ್ ಬೇಕು. ಇರುವುದು 1,000. ಐಪಿಎಲ್ ಫೈನಲ್ಲಿನ ದಿನ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪ್ಲ್ಯಾನಿನ ಹೆಸರು ಮಾತ್ರ "100 ಎಂಬಿಪಿಎಸ್‌ವರೆಗೆ". ಆ "ವರೆಗೆ" ಎಂಬುದರೊಳಗೆ ಸೊನ್ನೆಯೂ ಸೇರುತ್ತದೆ.

ಹಳ್ಳಿಯಲ್ಲಿ ಇದೇ ಗಣಿತ ರೊಕ್ಕದ ರೂಪದಲ್ಲಿ ಬರುತ್ತದೆ. ತಿಂಗಳಿಗೆ 400 ರೂಪಾಯಿಯ 40 ಸಂಪರ್ಕ ಇರುವ ಊರಿಗೆ ಬರುವುದು 16,000. ಕಂಪನಿಯೊಡನೆ ಅರ್ಧರ್ಧ ಪಾಲಾದರೆ ಊರಿನ ಆಪರೇಟರಿಗೆ 8,000. ಅದರಲ್ಲಿ ಪೆಟ್ರೋಲ್, ಡ್ರಾಪ್ ವೈರ್, ಒಬ್ಬ ಹುಡುಗನ ಪಗಾರ. ಹುಡುಗ ಎರಡನೇ ವರ್ಷ ಹುಬ್ಬಳ್ಳಿಗೆ ಕೆಲಸಕ್ಕೆ ಹೋದರೆ ಆ ಊರಿನ ನೆಟ್ ಅಲ್ಲಿಗೆ ಮುಗಿಯಿತು. ವೇಗದ ಭರವಸೆಗಳಲ್ಲಿ ಈ 8,000ದ ಪ್ರಸ್ತಾಪ ಬರುವುದು ಅಪರೂಪ. ನಮ್ಮ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲೇ ಇದೆ.

ನಗರದ ಕಡಿತಗಳಿಗೆ ತಮ್ಮದೇ ಪಂಚಾಂಗವಿದೆ. ಮೇಲ್ಸೇತುವೆ, ನೀರಿನ ಪೈಪ್, ಒಳಚರಂಡಿ ಕೆಲಸ ವರ್ಷವಿಡೀ; ಗಣೇಶ ಚೌತಿಯ ಹನ್ನೊಂದನೇ ದಿನ ಎತ್ತರದ ಮೂರ್ತಿಗಳಿಗೆ ದಾರಿ ಬಿಡಲು ತಂತಿ ಎತ್ತುವುದು, ಎತ್ತಲಾಗದ್ದನ್ನು ಕತ್ತರಿಸುವುದು. 2025ರ ಜನವರಿ 1ರಿಂದ ಕೇಬಲ್ ಹಾಕಲು ಜಾಗ ಬಳಸುವ ಹೊಸ ರೈಟ್ ಆಫ್ ವೇ ನಿಯಮಗಳು ಜಾರಿಯಾಗಿವೆ, ಪರವಾನಗಿ ಸಲೀಸಾಗಬೇಕು. ಆದರೂ ಹುಬ್ಬಳ್ಳಿ-ಧಾರವಾಡದಲ್ಲಿ ಫೈಬರ್ ಇಂದಿಗೂ ಹೆಚ್ಚಾಗಿ ಕಂಬದ ಮೇಲೇ ಇದೆ, ನೆಲದ ಕೆಳಗೆ ಎಲ್ಲ ಕಂಪನಿಯ ಕೇಬಲಿಗೂ ಆಗುವ ಸಾಮೂಹಿಕ ಡಕ್ಟ್ (ಪೈಪ್) ಇಲ್ಲದ ರಸ್ತೆಗಳೇ ಜಾಸ್ತಿ. ಕಂಬದ ಮೇಲಿನ ವ್ಯವಸ್ಥೆ ಕಂಬದಷ್ಟೇ ಗಟ್ಟಿ.

5ಜಿ ಏರ್‌ಫೈಬರ್ (ಮೊಬೈಲ್ ಗೋಪುರದಿಂದ ಮನೆಗೆ ತಂತಿಯಿಲ್ಲದ ನೆಟ್) ಬಂದಿದೆಯಲ್ಲ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಗೋಪುರ ಹತ್ತಿರವಿದ್ದು, ಬಳಸುವವರು ಕಡಿಮೆಯಿದ್ದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಆ ಗೋಪುರಕ್ಕೂ ಹಿಂದಿನಿಂದ ಫೈಬರೇ ಬರಬೇಕು; ಅದೇ ರಸ್ತೆಬದಿ, ಅದೇ ಜೆಸಿಬಿ.

ಹೊಸ ಯೋಜನೆಯಲ್ಲಿ ಏನು ಬೇರೆ

ಪರಿಷ್ಕೃತ ಭಾರತ್‌ನೆಟ್‌ನಲ್ಲಿ ಹಳೆಯದಕ್ಕಿಂತ ಎರಡು ವಿಷಯ ನಿಜವಾಗಿಯೂ ಬೇರೆ, ಅದನ್ನು ಒಪ್ಪಬೇಕು. ಹಳೆಯ ವಿನ್ಯಾಸದಲ್ಲಿ ತಾಲೂಕಿನಿಂದ ಪಂಚಾಯತಿಗೆ ಒಂದೇ ಸರಪಳಿ. ಮೊದಲ ಊರಿನ ಹತ್ತಿರ ಕಡಿದರೆ ಮುಂದಿನ ಊರುಗಳೆಲ್ಲ ಬಂದ್. ಹೊಸದು ಉಂಗುರ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ದತ್ತಾಂಶ ತಿರುಗಿ ಬರುತ್ತದೆ. ಎರಡನೆಯದು, ಹತ್ತು ವರ್ಷದ ನಿರ್ವಹಣೆಯನ್ನೂ ಗುತ್ತಿಗೆಯಲ್ಲೇ ಸೇರಿಸಿ, ಸೇವೆಯ ಮಟ್ಟ ನೋಡಿ ಹಣ ಕೊಡುವ ಷರತ್ತು. ಫೈಬರ್ ಎಲ್ಲಿ ಕಡಿಯಿತು ಎಂದು ದೂರದಿಂದಲೇ ನೋಡುವ ವ್ಯವಸ್ಥೆಯೂ ಇದೆ. ಐದು ವರ್ಷದಲ್ಲಿ 1.5 ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಎಂಬ ಗುರಿ ಮೊದಲ ಬಾರಿಗೆ ಮನೆಯನ್ನು ಲೆಕ್ಕಕ್ಕೆ ತಂದಿದೆ.

ಆದರೂ ಅನುಮಾನಕ್ಕೆ ಜಾಗ ಇದೆ. ಉಂಗುರದ ಎರಡೂ ಬಾಹುಗಳು ಒಂದೇ ಗುಂಡಿಯಲ್ಲಿ, ಒಂದೇ ಸೇತುವೆಯ ಮೇಲೆ ಹೋದರೆ ನಕ್ಷೆಯಲ್ಲಿ ಮಾತ್ರ ಉಂಗುರ. ಹಳ್ಳದಾಚೆಯ ಊರಿಗೆ ಒಂದೇ ಸೇತುವೆ ಇರುವ ಕಡೆ ಇನ್ನೊಂದು ಬಾಹುವಿಗೆ ಹತ್ತು-ಹದಿನೈದು ಕಿಲೋಮೀಟರ್ ಸುತ್ತಬೇಕಾಗುತ್ತದೆ. ಆ ಖರ್ಚು ಉಳಿಸುವ ಆಸೆ ಯಾರಿಗೆ ಬಂದೀತು ಎಂದು ಊಹಿಸುವುದು ಕಷ್ಟವಲ್ಲ. ಹಳೆಯ ಕೇಬಲನ್ನೇ ಒಂದು ಬಾಹುವಾಗಿ ಬಳಸಿದರೆ ಮೇಲೆ ಹೇಳಿದ ಸತ್ತ ಎಳೆಗಳ ಸಮಸ್ಯೆಯೂ ಜೊತೆಗೇ ಬರುತ್ತದೆ. ಇನ್ನು ಉಂಗುರ ಕಾಯುವುದು ಪಂಚಾಯತಿಯನ್ನು ಮಾತ್ರ. ಪಂಚಾಯತಿಯಿಂದ ನಿಮ್ಮ ಮನೆಗೆ ಬರುವ ಡ್ರಾಪ್ ವೈರ್ ಹಳೆಯ ಕಾಲದಂತೆ ಒಂಟಿ.

ದೂರು ಕೊಡುವ ಮೊದಲು, ಕೊಟ್ಟ ಮೇಲೆ

ದೋಷ ಎಲ್ಲಿದೆ ಎಂದು ಮೊದಲು ಮನೆಯಲ್ಲೇ ಹಿಡಿಯಬಹುದು. ಒಎನ್‌ಟಿಯ ಮೇಲೆ "ಲಾಸ್" (LOS) ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ರೀಸ್ಟಾರ್ಟ್ ಮಾಡುತ್ತ ಕೂಡಬೇಡಿ, ದೂರು ಕೊಡಿ. "ಪಾನ್" (PON) ದೀಪ ಹಸಿರಾಗಿ ಮಿಣುಕುತ್ತಲೇ ಇದ್ದರೆ ಬೆಳಕು ಬರುತ್ತಿದೆ ಆದರೆ ನೋಂದಣಿ ಆಗುತ್ತಿಲ್ಲ. ಎರಡೂ ಸರಿಯಿದ್ದು ನಿಧಾನವಾಗಿದ್ದರೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಲ್ಲಿ ಜೋಡಿಸಿ, ವೈಫೈ ಆರಿಸಿ, ಉಳಿದವರ ಮೊಬೈಲ್ ಬಿಡಿಸಿ ಅಳೆಯಿರಿ. ಪ್ಲ್ಯಾನ್ ನೂರಕ್ಕಿಂತ ದೊಡ್ಡದಿದ್ದೂ ಅಲ್ಲಿ 94ರ ಸುತ್ತ ನಿಂತರೆ ಲೈನ್ ಸರಿಯಿದೆ, ಪೋರ್ಟ್ ಇಲ್ಲವೇ ಕೇಬಲ್ ನೂರಕ್ಕೆ ಕಟ್ಟಿಹಾಕಿದೆ. ನಾಲ್ಕೇ ತಂತಿ ಕೂಡಿಸಿದ ಲ್ಯಾನ್ ಕೇಬಲ್ ಎಂದಿಗೂ ನೂರು ದಾಟುವುದಿಲ್ಲ. ಧಾರವಾಡ, ಗದಗಿನ ಹಳೆಯ ಮನೆಗಳಲ್ಲಿ ಒಂದೂವರೆ ಅಡಿಯ ಕಲ್ಲು-ಮಣ್ಣಿನ ಗೋಡೆ. ಪಡಸಾಲೆಯ ಬಾಗಿಲ ಮೇಲೆ ಇಟ್ಟ ಪೆಟ್ಟಿಗೆಯ 2.4 ಗಿಗಾಹರ್ಟ್ಸ್ ವೈಫೈ ಹಿಂದಿನ ಕೋಣೆಗೆ ಮುಟ್ಟುವಾಗ 20-30 ಎಂಬಿಪಿಎಸ್ ಉಳಿದರೆ ಹೆಚ್ಚು. ಅದಕ್ಕೆ ಸರ್ಕಾರವನ್ನು ಬೈದು ಉಪಯೋಗವಿಲ್ಲ. ಲ್ಯಾನ್ ಎಳೆದು ಹಿಂದೆ ಇನ್ನೊಂದು ರೂಟರ್ ಇಡಬೇಕು.

ಅಳೆಯುವುದನ್ನು ಒಂದು ವಾರ, ದಿನಕ್ಕೆ ಮೂರು ಸಲ ಮಾಡಿ: ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 9. ಬೆಳಗ್ಗೆ 95, ರಾತ್ರಿ 12 ಬಂದರೆ ಅದು ಇಕ್ಕಟ್ಟು, ರಿಪೇರಿಯಿಂದ ಹೋಗುವಂಥದ್ದಲ್ಲ. ಜೊತೆಗೆ ರೂಟರಿನ ವಿಳಾಸಕ್ಕೆ (ಹೆಚ್ಚಾಗಿ 192.168.1.1) ಮತ್ತು ಹೊರಗಿನ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯೇ ನೋಡಿ. ಮೊದಲನೆಯದೇ ತಪ್ಪುತ್ತಿದ್ದರೆ ದೋಷ ಮನೆಯೊಳಗೆ. ಎರಡನೆಯದು ಮಾತ್ರ ತಪ್ಪುತ್ತಿದ್ದರೆ ಹೊರಗೆ. ಸ್ಪೀಡ್ ಟೆಸ್ಟನ್ನೊಂದೇ ನಂಬಬೇಡಿ, ಅದರ ಸರ್ವರ್ ನಿಮ್ಮ ಕಂಪನಿಯ ಜಾಲದೊಳಗೇ ಇರಬಹುದು. ಬೆಂಗಳೂರು, ಮುಂಬೈ ಸರ್ವರ್ ಆಯ್ದು ಮತ್ತೊಮ್ಮೆ ಅಳೆಯಿರಿ. ಪಂಚಾಯತಿಯಲ್ಲಿ "ಸರ್ವರ್ ಡೌನ್ ಐತಿ" ಎಂದರೂ ಇದೇ ಪರೀಕ್ಷೆ: ಬೇರೆ ಜಾಲತಾಣ ತೆರೆದರೆ ಲೈನ್ ಸರಿಯಿದೆ, ಕೆಟ್ಟದ್ದು ಆ ಇಲಾಖೆಯ ತಂತ್ರಾಂಶ.

ಒಎನ್‌ಟಿಯ ಒಳಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ ಸಿಗುತ್ತದೆ, ಮನೆಗೆ ಮುಟ್ಟುವ ಬೆಳಕಿನ ಬಲ ಅದು. ಸಂಪರ್ಕ ಕೊಟ್ಟ ದಿನವೇ ಅದನ್ನು ಪೆಟ್ಟಿಗೆಯ ಮೇಲೆ ಬರೆದಿಡಿ. ಆ ದಿನ −20 ಇದ್ದದ್ದು ಇಂದು −26 ಆಗಿದ್ದರೆ ಕಾಲ್‌ಸೆಂಟರಿನವರ ಜೊತೆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ದೂರಿಗೆ ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ತೆಗೆದುಕೊಳ್ಳಿ. ಅದರಿಂದ ಕೆಲಸವಾಗದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 39 ದಿನದಲ್ಲಿ ತೀರ್ಮಾನ ಹೇಳಬೇಕು. ಟೆಲಿಕಾಂ ದೂರು ಗ್ರಾಹಕ ಆಯೋಗಕ್ಕೆ ಹೋಗಲು ಬರುವುದಿಲ್ಲ ಎಂಬ ಮಾತನ್ನು ಇಂದಿಗೂ ಹೇಳುವವರಿದ್ದಾರೆ. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದೆ. ಒಂದು ವಾರದ ಅಳತೆಯ ಪಟ್ಟಿ ಜೊತೆಗಿದ್ದರೆ ಆಯೋಗದಲ್ಲಿ ಮಾತಿಗೆ ತೂಕ.

ಪಂಚಾಯತಿಯ ಫೈಬರಿನ ವಿಷಯವಾದರೆ ಮಾಹಿತಿ ಹಕ್ಕಿನ ಅರ್ಜಿಯೇ ಸರಿಯಾದ ದಾರಿ. "ನಮ್ಮೂರಿಗೆ ನೆಟ್ ಯಾವಾಗ" ಎಂದು ಕೇಳಿದರೆ "ಪ್ರಗತಿಯಲ್ಲಿದೆ" ಎಂಬ ಉತ್ತರ ಬರುತ್ತದೆ. ದಾಖಲೆ ಕೇಳಬೇಕು. ನಮ್ಮ ಪಂಚಾಯತಿಯ ಸಂಪರ್ಕ ಕಳೆದ 12 ತಿಂಗಳಲ್ಲಿ ತಿಂಗಳುವಾರು ಎಷ್ಟು ತಾಸು ಬಂದ್ ಇತ್ತು? ಪ್ರತಿ ಕಡಿತದ ದಿನಾಂಕ, ಸರಿಪಡಿಸಿದ ದಿನಾಂಕ ಯಾವುದು? ಕೇಬಲಿನ ಎಷ್ಟು ಎಳೆ ಚಾಲೂ, ಎಷ್ಟು ಪರೀಕ್ಷಿಸಿದ ಖಾಲಿ ಎಳೆ, ಪರೀಕ್ಷಿಸಿದ್ದು ಯಾವಾಗ? ಈ ಪಂಚಾಯತಿಯಿಂದ ಎಷ್ಟು ಮನೆಗೆ ಸಂಪರ್ಕ ಹೋಗಿದೆ, ಅದರಲ್ಲಿ ಈ ತಿಂಗಳು ಬಿಲ್ ಕಟ್ಟಿದವು ಎಷ್ಟು? ಉಂಗುರದ ಎರಡು ಬಾಹುಗಳ ಮಾರ್ಗನಕ್ಷೆಯ ಪ್ರತಿ ಕೊಡಿ. ಎರಡೂ ಒಂದೇ ಸೇತುವೆ ದಾಟುತ್ತವೆಯೇ? ಸೇವೆಯ ಮಟ್ಟ ತಪ್ಪಿದ್ದಕ್ಕೆ ಗುತ್ತಿಗೆದಾರನ ಬಿಲ್ಲಿನಲ್ಲಿ ಎಷ್ಟು ಕಡಿತ ಮಾಡಲಾಗಿದೆ?

ಶುಲ್ಕ 10 ರೂಪಾಯಿ. ಅರ್ಜಿಯನ್ನು ಪಿಡಿಒ ಬಳಿ ಕೊಟ್ಟರೆ ಜಾಲ ತಮ್ಮದಲ್ಲ ಎಂದು ಮುಂದೆ ದಾಟಿಸುವುದರಲ್ಲೇ ದಿನ ಹೋಗುತ್ತವೆ. ಕೇಂದ್ರದ ಆರ್‌ಟಿಐ ಜಾಲತಾಣದಲ್ಲಿ ಬಿಎಸ್‌ಎನ್‌ಎಲ್‌ನ ಮಾಹಿತಿ ಅಧಿಕಾರಿಗೆ ನೇರವಾಗಿ ಸಲ್ಲಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರದಲ್ಲಿ ತಾಸುಗಳ ಲೆಕ್ಕದ ಬದಲು "ಸೇವೆಗೆ ಸಿದ್ಧ" ಎಂದಷ್ಟೇ ಇದ್ದರೆ, ಅಲ್ಲಿಂದ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.